ಸಸಿಗೆ ಹೊದಿಕೆ

ಇಂಡಿಯ ಲಿಂಬೆಯು 2023ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆಯನ್ನು ಹೊಂದಿತು. ಅದರ ಎಳೆ ಸಸಿಗೆ ಚಳಿಯು ಬಲು ಕೇಡು. ಪುಷ್ಯಮಾಸದಲ್ಲಿ ಮೋಡವಿಲ್ಲದ ರಾತ್ರಿ ನೆಲದ ಕಾವು ಆಕಾಶಕ್ಕೆ ಹೋಗಿಬಿಡುವದು. ಆದಕಾರಣ ರೈತನು ಸಸಿಮಡಿಯ ಮೇಲೆ ಗೋಣಿತಟ್ಟನ್ನು ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯುವನು. ಮಣ್ಣು ನೆನೆದಿದ್ದರೆ ಹಗಲಿನ ಕಾವು ಹೆಚ್ಚು ನಿಲ್ಲುವದೆಂದು ನೀರನ್ನೂ ಹಾಯಿಸುವನು. ಇದು ಜಾಣತನವೇ.

ಆದರೆ ನಡುರಾತ್ರಿ ವಿದ್ಯುತ್ತು ಬಂದಾಗ ಎದ್ದು, ತಣ್ಣೀರಿನಲ್ಲಿ ಬರಿಗಾಲಿನಿಂದ ನಿಂತು ನೀರು ತಿರುಗಿಸುವ ಆಳಿಗೆ ಕಂಬಳಿಯುಂಟೋ? ಸಸಿ ಸತ್ತರೆ ನಷ್ಟವು ಧಣಿಯದು; ಆಳು ಜ್ವರದಿಂದ ಮಲಗಿದರೆ ನಷ್ಟವು ಆಳಿನದೇ. ಧಣಿಯು ಕ್ರೂರನಲ್ಲ, ಲೆಕ್ಕವು ಅವನಿಗೆ ಹಾಗೆ ಕಲಿಸಿದೆ. ಕೂಲಿಯನ್ನು ಕೊಟ್ಟಿದ್ದೇವಲ್ಲಾ ಎನ್ನುವವರು, ಆ ಕೂಲಿಯಿಂದ ಅವನು ಕಂಬಳಿಯನ್ನು ಕೊಂಡನೋ, ಮಕ್ಕಳಿಗೆ ಜೋಳವನ್ನು ಕೊಂಡನೋ, ಒಮ್ಮೆ ಅವನ ಮನೆಗೆ ಹೋಗಿ ವಿಚಾರಿಸಲಿ.