ಸತ್ಯ ಯಾರ ಪಕ್ಷ?

ಸಂಬಳ ಕೊಡುವವರ ವಾದವನ್ನೇ ಮುರಿಯುವ ಸತ್ಯವೊಂದು ಕೈಗೆ ಸಿಕ್ಕರೆ ನೌಕರನು ಏನು ಮಾಡಬೇಕು?

ಅಮೆರಿಕದ ಅನೇಕ ಸರ್ಕಾರಿ ಪ್ರಾಸಿಕ್ಯೂಟರ್ ಕಚೇರಿಗಳಲ್ಲಿ ಪೊಲೀಸರಲ್ಲದೆ ಪ್ರತ್ಯೇಕ ತನಿಖಾಧಿಕಾರಿಗಳಿರುತ್ತಾರೆ. ಸಾಕ್ಷಿಗಳನ್ನು ಹುಡುಕುವುದು, ಹೇಳಿಕೆಗಳನ್ನು ಪರಿಶೀಲಿಸುವುದು ಅವರ ಕೆಲಸ. ಆರೋಪಿಗೆ ಅನುಕೂಲವಾದ ಮಹತ್ವದ ಪುರಾವೆಯನ್ನು ಬಚ್ಚಿಡಕೂಡದೆಂದು ಅಲ್ಲಿನ ಸುಪ್ರೀಂ ಕೋರ್ಟು 1963ರಲ್ಲೇ ತೀರ್ಪಿತ್ತಿದೆ.

ಆದರೂ ಡಲ್ಲಾಸ್ ನಗರದಲ್ಲಿ 1981ರಲ್ಲಿ ಒಬ್ಬನು ಕೊಲೆಗಾರನೆಂದು ಶಿಕ್ಷೆಗೊಳಗಾದನು. ಸತ್ತ ಮಹಿಳೆಯು ಆ ರಾತ್ರಿ ಬೇರೆಯವರೊಂದಿಗೆ ಇದ್ದಳೆಂಬ ಮಾಹಿತಿಯು ಅವನ ವಕೀಲರಿಗೆ ತಲುಪಲಿಲ್ಲ. ಹಳೆಯ ಶಿಕ್ಷೆಗಳ ಮರುಪರಿಶೀಲನೆಗೆ ಅಲ್ಲಿನ ಪ್ರಾಸಿಕ್ಯೂಟರ್ ಕಚೇರಿಯೇ 2007ರಲ್ಲಿ ಒಂದು ವಿಭಾಗವನ್ನು ತೆರೆಯಿತು. ಡಿಎನ್‌ಎ ಪರೀಕ್ಷೆಯ ಬಲದಿಂದ ಅವನು 2008ರಲ್ಲಿ, 27 ವರ್ಷಗಳ ಸೆರೆವಾಸದ ಬಳಿಕ ಹೊರಬಂದನು.

ಇಂತಹ ಅನ್ಯಾಯಕ್ಕೆ ಸುಳ್ಳು ಹೇಳಲೇಬೇಕೆಂದಿಲ್ಲ. ಕಡತದ ಒಂದು ಹಾಳೆಯ ಬಗ್ಗೆ ಮೌನ ವಹಿಸಿದರೂ ಸಾಕು. ‘ಕಚೇರಿಗೆ ನಿಷ್ಠೆ’ ಎಂದು ಆ ಮೌನವನ್ನು ಸಮರ್ಥಿಸಬಹುದೇ? ಸರ್ಕಾರಿ ವಕೀಲರು ಇಡೀ ಸಮಾಜದ ಪರವಾಗಿ ನಿಲ್ಲುವವರು; ಆರೋಪಿಯೂ ಆ ಸಮಾಜದವನೇ. ನಿರಪರಾಧಿಯು ಸೆರೆಯಲ್ಲಿರುವಷ್ಟು ಕಾಲ ನಿಜವಾದ ಕೊಲೆಗಾರನನ್ನು ಯಾರೂ ಹುಡುಕುವುದಿಲ್ಲ. ಹಾಗಾದರೆ ಗೆದ್ದವರು ಯಾರು?

ತನ್ನ ಪಕ್ಷ ಸೋತರೂ ಸರಿ, ಆ ಹಾಳೆಯನ್ನು ಮುಂದಿಡುವವನೇ ತನ್ನ ಕಚೇರಿಗೆ ನಿಷ್ಠನು. ಅಂತಹ ಒಂದು ಹಾಳೆ ನಮ್ಮ ಮೇಜಿನ ಮೇಲೂ ಇರಬಹುದಲ್ಲವೇ?