ಯಾವೂರಾಯ್ತು?

ಮದುವೆಯಾಗಿ ಹೋಗುವ ಹುಡುಗಿಗೆ, ವರ್ಗವಾದ ಮೇಷ್ಟ್ರಿಗೆ, ಕೆಲಸ ಹುಡುಕಿ ಬೆಂಗಳೂರಿಗೆ ಹೊರಟ ಹುಡುಗನಿಗೆ ನಮ್ಮ ಹಾಸನದ ಕಡೆ ಹೇಳುವ ಬುದ್ಧಿಮಾತು ಒಂದೇ: ‘ಹೊಂದ್ಕಂಡು ಹೋಗು.’ ಹೇಳುವುದೆಲ್ಲ ಹೋಗುವವರಿಗೆ. ಬಂದವರನ್ನು ಇರಿಸಿಕೊಳ್ಳುವ ಊರಿಗೆ ಹೇಳುವ ಇಂಥದೊಂದು ಮಾತು ನಮ್ಮಲ್ಲಿ ನಾನು ಕೇಳಿಲ್ಲ.

ನಮ್ಮ ಜಿಲ್ಲೆಯ ಶುಂಠಿ ಹೊಲಗಳಲ್ಲಿ, ಬೇಲೂರು ಸಕಲೇಶಪುರದ ಕಾಫಿ ತೋಟಗಳ ಲೈನು ಮನೆಗಳಲ್ಲಿ ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯವರಿದ್ದಾರೆ. ಅವರೆಲ್ಲರಿಗೂ ನಾವಿಟ್ಟ ಹೆಸರು ‘ಹಿಂದಿಯವರು’. ಮನೆಯಲ್ಲಿ ಬಂಗಾಳಿ ಆಡುವವನೂ ಸಂತಾಲಿ ಆಡುವವನೂ ಅದರೊಳಗೇ. ಎರಡು ವರ್ಷವಾದರೂ ಅವರಿಗೆ ಕನ್ನಡ ಬರುವುದಿಲ್ಲ ಎಂಬುದು ಊರಿನ ದೂರು. ದೂರು ಸುಳ್ಳಲ್ಲ. ಅನ್ನ ಕೊಡುವ ನೆಲದ ಮಾತು ಕಲಿಯಬೇಕೆಂದೇ ನಾನೂ ನಂಬಿದ್ದೇನೆ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ತಮ್ಮವರ ಜೊತೆಗೇ ದುಡಿದು, ಊರಾಚೆಯ ಶೆಡ್ಡಿನಲ್ಲಿ ಮಲಗುವವನು ಕನ್ನಡವನ್ನು ಯಾರ ಬಾಯಿಂದ ಕಲಿಯಬೇಕು? ಮೇಸ್ತ್ರಿಯ ಬೈಗುಳದಿಂದಲೇ?

ಇದೇ ಜಿಲ್ಲೆಗೆ ಹಿಂದೆಯೂ ಜನ ಬಂದಿದ್ದಾರೆ. ಸಂಕೇತಿಗಳು ಸೆಂಗೋಟ್ಟೈ ಸೀಮೆಯಿಂದ ಬಂದವರೆಂಬುದು ಅವರಲ್ಲಿ ಉಳಿದುಬಂದ ನೆನಪು. ಹಾಸನದ ಹತ್ತಿರದ ಕೌಶಿಕದಲ್ಲಿ, ಕಾವೇರಿ ದಡದ ರುದ್ರಪಟ್ಟಣದಲ್ಲಿ ನೆಲೆನಿಂತರು. ಶತಮಾನಗಳು ಕಳೆದರೂ ತಮಿಳು, ಮಲಯಾಳ, ಕನ್ನಡಗಳ ಛಾಯೆಯಿರುವ ಆ ಮಾತು ಎಷ್ಟೋ ಮನೆಗಳಲ್ಲಿ ಉಳಿದಿದೆ. ಅವರು ಹೊಂದಿಕೊಳ್ಳಲಿಲ್ಲ ಎಂದು ಯಾರೂ ಅನ್ನುವುದಿಲ್ಲ. ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಕನ್ನಡನಾಡಿನ ವಿದ್ವಾಂಸರು, ಅಷ್ಟೇ. ಅವರಿಗೆ ಓದಿನ ಗೌರವವಿತ್ತು, ಕೂರಲು ಜಗಲಿಯಿತ್ತು. ಹಾಗಾಗಿ ಮನೆಮಾತು ಉಳಿಸಿಕೊಂಡದ್ದು ಸಂಸ್ಕೃತಿ ಅನ್ನಿಸಿತು. ಶುಂಠಿ ಕೀಳುವವನು ಉಳಿಸಿಕೊಂಡರೆ ಅದೇ ಹಟಮಾರಿತನ.

ನಮ್ಮವರು ಹೊರಗೆ ಹೋದಾಗ ಲೆಕ್ಕವೇ ಬೇರೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು ಗುಜರಾತಿನಲ್ಲಿ, ದೆಹಲಿಯಲ್ಲಿ ಪಾಠ ಹೇಳುತ್ತಾ ಕನ್ನಡದಲ್ಲೇ ಬರೆದರು. ನಮಗದು ಹೆಮ್ಮೆ. ಆಗಬೇಕಾದ್ದೇ.

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ಇಂಥ ಮಾತಿಗೆ ಎಳೆದುತರುವುದು ಸುಲಭ. 1114ರ ಸುಮಾರಿಗೆ ವರ್ತಕ ಕುಲ್ಲಹಣ ರಾಹುತ, ಅವನ ಮಡದಿ ಸಹಜಾದೇವಿ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿ, ಲಕ್ಷ್ಮಿಯೂ ಕಾಳಿಯೂ ಒಂದೇ ಆವರಣದಲ್ಲಿ. ನೋಡಿ, ಹೇಗೆ ಕೂಡಿ ಬಾಳಿದ್ದಾರೆ ಎನ್ನುತ್ತಾರೆ ಬಂದವರು. ಆದರೆ ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಾಗಿಲು, ಒಂದೊಂದು ಶಿಖರ ಇದೆ. ಯಾರೂ ಬಾಡಿಗೆ ಮನೆ ಕೇಳಿಕೊಂಡು ಅಲೆಯಲಿಲ್ಲ!

ನಮ್ಮಲ್ಲಿ ಮೊದಲು ಹೊಂದಿಕೊಂಡದ್ದು ಅಂಗಡಿಯವರು. ಕಡಲೆಕಾಯಿ ಎಣ್ಣೆಯ ಪಕ್ಕ ಸಾಸಿವೆ ಎಣ್ಣೆ ಬಂತು. ಲಾಭಕ್ಕಾಗಿ ನಿಜ, ಆದರೂ ಬಂತು. ಆಮೇಲೆ ಹೊಂದಿಕೊಂಡವರು ಮಕ್ಕಳು. ಆಸ್ಪತ್ರೆಯೊಂದರಲ್ಲಿ ಏಳೆಂಟು ವರ್ಷದ ಹುಡುಗಿ ತಾಯಿಯ ಹೊಟ್ಟೆನೋವನ್ನು ನರ್ಸಿಗೆ ಅಚ್ಚ ಹಾಸನದ ಕನ್ನಡದಲ್ಲಿ ಹೇಳುತ್ತಿದ್ದಳು. ‘ಮುಟ್ಟು ಸರಿಯಾಗಿ ಆಗ್ತೈತಾ ಕೇಳವ್ವ’ ಎಂದರು ನರ್ಸು. ಮಗು ಸುಮ್ಮನಾಯಿತು. ಅದಕ್ಕೆ ಆ ಮಾತು ಎರಡು ಭಾಷೆಯಲ್ಲೂ ಗೊತ್ತಿರಲಿಲ್ಲ. ಹೊಂದಿಕೊಳ್ಳುವ ಹೊರೆಯೆಲ್ಲ ಒಂದೇ ಕಡೆ ಬಿದ್ದರೆ ಅದು ಕೊನೆಗೆ ಆ ಮನೆಯ ಅತಿ ಚಿಕ್ಕ ಹೆಗಲಿಗೆ ಜಾರುತ್ತದೆ.

ಗುರುತಿಲ್ಲದವರು ಬಸ್ಸಿನಲ್ಲಿ ಪಕ್ಕ ಕೂತರೆ ನಮ್ಮವರು ಮೊದಲು ಕೇಳುವುದು, ‘ಯಾವೂರಾಯ್ತು?’ ಉತ್ತರ ಬಂದರೆ ಮಳೆ, ಬೆಳೆ, ನೆಂಟಸ್ತಿಕೆವರೆಗೂ ಮಾತು ಹೋಗುತ್ತದೆ. ಶುಂಠಿ ಹೊಲದವನು ಪಕ್ಕದಲ್ಲಿ ಕೂತಾಗ ಮಾತ್ರ ಕಿಟಕಿಯಾಚೆ ನೋಡುತ್ತೇವೆ. ಕೇಳಿದರೆ ಅವನು ಹೇಳುವ ಊರು ನಮಗೆ ತಿಳಿಯುವುದಿಲ್ಲ. ಯಾವ ಜಿಲ್ಲೆ, ರೈಲಿನಲ್ಲಿ ಎಷ್ಟು ದಿನ, ಅಲ್ಲೂ ಭತ್ತ ಬೆಳೆಯುತ್ತಾರಾ ಎಂದು ಮತ್ತೆ ಕೇಳಬೇಕಾಗುತ್ತದೆ.