ಎದುರಾಳಿಯ ಎಲೆ

ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು. ಯಾವ ಎಲೆ ಬಂದರೂ ಅದು ಅವರವರ ಅದೃಷ್ಟ. 1993ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟದ ರೀತಿಯೇ ಬೇರೆ. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿದ ಈ ಆಟಕ್ಕೆ ಆಟಗಾರನು ಎಲೆಗಳನ್ನು ಕೊಂಡು, ಗೆಳೆಯರೊಡನೆ ವಿನಿಮಯ ಮಾಡಿ, ತನ್ನ ಕಟ್ಟನ್ನು ತಾನೇ ಹೊಂದಿಸಿಕೊಂಡು ಬರುತ್ತಾನೆ. ಒಂದು ಎಲೆ ಮಂತ್ರ, ಇನ್ನೊಂದು ಮೃಗ. ಹೀಗೆ ಬರುವವರಲ್ಲಿ ಎದುರಾಳಿಯ ಎಲೆಗಳನ್ನೇ ನೆಚ್ಚಿ ಬರುವವನೊಬ್ಬನಿರುತ್ತಾನೆ. ಮೊದಲ ಮುದ್ರಣದಲ್ಲೇ ‘ಕಂಟ್ರೋಲ್ ಮ್ಯಾಜಿಕ್’ ಎಂಬ ಎಲೆಯಿತ್ತು. ಅದನ್ನು ಎದುರಾಳಿಯ ಮೃಗದ ಮೇಲೆ ಹೂಡಿದರೆ, ಆ ಮೃಗವು ಹೂಡಿದವನ ವಶವಾಗಿ ಸಾಕಿದವನ ಮೇಲೆಯೇ ಹಾಯುತ್ತದೆ.

ಇದು ನ್ಯಾಯವೆ? ಸೋಲಿನ ನೋವೇ ಒಂದು, ತನ್ನದರಿಂದಲೇ ಸೋತ ನೋವೇ ಇನ್ನೊಂದು. ಆದರೆ ಆಟದ ನಿಯಮಗಳು ಒಡೆಯನನ್ನೂ ನಡೆಸುವವನನ್ನೂ ಸ್ಪಷ್ಟವಾಗಿ ಬೇರ್ಪಡಿಸಿವೆ. ಮೃಗವನ್ನು ಯಾರೇ ನಡೆಸಲಿ, ಅದು ಸತ್ತರೆ ಒಡೆಯನ ಮಸಣಕ್ಕೇ ಹೋಗುತ್ತದೆ. ಆಟ ಮುಗಿದರೆ ಎಲೆ ಒಡೆಯನ ಕೈಗೇ ಮರಳುತ್ತದೆ. ಮೊದಮೊದಲು ಪಣವೂ ಉಂಟಿತ್ತು: ಇಬ್ಬರೂ ಒಂದೊಂದು ಎಲೆಯನ್ನು ಒಡ್ಡುವುದು, ಗೆದ್ದವನು ಅದನ್ನು ಮನೆಗೇ ಒಯ್ಯುವುದು. ಆ ಪದ್ಧತಿ ಬಾಳಲಿಲ್ಲ. ಪಣಕ್ಕಾಗಿಯೇ ಮಾಡಿದ ಎಲೆಗಳಿಗೆ ಇಂದು ಸ್ಪರ್ಧೆಗಳಲ್ಲಿ ಪ್ರವೇಶವಿಲ್ಲ. ಕಸಿಯುವುದಕ್ಕೂ ಕದಿಯುವುದಕ್ಕೂ ನಡುವೆ ಗೆರೆಯೆಳೆದ ಈ ವಿವೇಕ ನನಗೆ ಮೆಚ್ಚಿಕೆಯಾಯಿತು.

ಎಲೆಗೆ ಮನಸ್ಸಿಲ್ಲವೆಂಬುದೂ ಒಂದು ಸಮಾಧಾನ. ಪಾಂಡವರ ಕಡೆಗೆ ಹೊರಟಿದ್ದ ಶಲ್ಯನನ್ನು ದುರ್ಯೋಧನನು ದಾರಿಯಲ್ಲಿ ಸತ್ಕರಿಸಿ ತನ್ನವನನ್ನಾಗಿ ಮಾಡಿಕೊಂಡ. ಶಲ್ಯ ಕರ್ಣನ ರಥವನ್ನೇನೋ ನಡೆಸಿದ. ಜೊತೆಗೆ ಮಾತುಮಾತಿಗೂ ಅವನ ಧೈರ್ಯವನ್ನು ಕೆಡಿಸಿದ.

ಶಾಸ್ತ್ರವಾದದಲ್ಲೂ ಇದೇ ಪ್ರಶ್ನೆ ಹಿಂದೆ ಎದ್ದಿತ್ತು. ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದಷ್ಟನ್ನೇ ನ್ಯಾಯಸೂತ್ರಗಳು ವಿತಂಡವೆಂದು ಕರೆದವು. ಕನ್ನಡದಲ್ಲಂತೂ ಅದು ಬೈಗುಳವೇ ಆಗಿಬಿಟ್ಟಿದೆ. ಆದರೆ ಬೌದ್ಧ ದಾರ್ಶನಿಕ ನಾಗಾರ್ಜುನನು ತನಗೆ ಪ್ರತಿಜ್ಞೆಯೇ ಇಲ್ಲವೆಂದು ಸಾರಿ, ಎದುರಾಳಿ ಒಪ್ಪಿದ ಮಾತುಗಳಿಂದಲೇ ಎದುರಾಳಿಯನ್ನು ಕಟ್ಟಿಹಾಕಿದ. ಅವನನ್ನು ಬರಿಯ ಕಿತಾಪತಿಯವನೆನ್ನಲು ಯಾರಿಗೆ ನಾಲಗೆ ಬಂದೀತು? ಪರರ ಮಾತಿನಿಂದ ಪರರನ್ನು ಗೆಲ್ಲಬೇಕಾದರೆ ಅದನ್ನು ಅವರಿಗಿಂತ ಚೆನ್ನಾಗಿ ಅರಿತಿರಬೇಕು. ಅರಿಯದೆ, ಒಂದು ತುಣುಕನ್ನು ಹರಿದು ತಂದು ಚಪ್ಪಾಳೆ ಗಿಟ್ಟಿಸುವ ಭಾಷಣಕಾರರ ವಿಷಯ ಬೇರೆ. ಅವರು ವಿತಂಡಿಗಳೂ ಅಲ್ಲ.

ತೊಡಕಿರುವುದು ಬೇರೆಡೆ. ಎದುರಾಳಿಯ ಕಟ್ಟು ಬಡವಾದರೆ ಕಸಿಯುವವನ ಕೈಗೂ ಬಡ ಎಲೆಗಳೇ. ತನ್ನ ಬಲಕ್ಕೆ ಪರರ ಬಲವೇ ಅಳತೆಯಾಗುತ್ತದೆ. ಇದೇ ಆಟವನ್ನು ನಾಲ್ವರು ಕೂಡಿ ಆಡುವಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಬ್ಬನು ಸೋತು ಎದ್ದರೆ ಅವನ ಒಡೆತನದ ಎಲೆಗಳೆಲ್ಲವೂ, ಪರರ ವಶದಲ್ಲಿರುವುವೂ ಸೇರಿ, ಅವನೊಡನೆ ಆಟದಿಂದ ಹೊರಬೀಳುತ್ತವೆ. ಆದ್ದರಿಂದ ಕಸಿದವನು ಅವನನ್ನು ಬೇಗ ಸೋಲಿಸುವಂತಿಲ್ಲ. ಕಸಿದ ಮೃಗದಿಂದ ಮಿಕ್ಕಿಬ್ಬರನ್ನು ಎದುರಿಸುವಷ್ಟು ಹೊತ್ತೂ ಅದರ ಒಡೆಯ ಉಳಿದಿರಬೇಕು. ಆ ಇಬ್ಬರಲ್ಲಿ ಯಾರಾದರೂ ಅವನ ಮೇಲೆ ಬಿದ್ದರೆ, ಕಸಿದವನೇ ಅಡ್ಡ ನಿಂತು ಅವನನ್ನು ಕಾಯಬೇಕಾಗುತ್ತದೆ.